ಬಾವು ಒಂದೇ, ರೋಗಾಣು ಬೇರೆ: ಕೆಚ್ಚಲು ಬಾವಿನ ಹಾಲಿಗೆ ಪ್ರಯೋಗಶಾಲೆಯ ಪರೀಕ್ಷೆ



ನೂಲ ಮತ್ತು ಅದರ ಸುತ್ತಲಿನ ಹಿರಣ್ಯಕೇಶಿ ಕಣಿವೆಯ ಊರುಗಳಲ್ಲಿ ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಕೈಗೆ ಬರುವದು. ಆದರೆ ಮನೆಯ ಎಣ್ಣೆ-ಬೇಳೆ, ಮಕ್ಕಳ ಶಾಲೆಯ ಖರ್ಚು, ಸಂತೆ-ಪೇಟೆ ಇವೆಲ್ಲ ನಡೆಯುವದು ಹಾಲಿನ ಮೇಲೆ. ಕೊಲ್ಲಾಪುರ ಜಿಲ್ಲಾ ಸಹಕಾರಿ ದೂಧ ಉತ್ಪಾದಕ ಸಂಘವು 1963ರಲ್ಲಿ ಆರಂಭವಾದಂದಿನಿಂದ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹೈನವೇ ಕೈಯೊಳಗಿನ ರೊಕ್ಕವಾಗಿದೆ. ಆದ್ದರಿಂದ ಎಮ್ಮೆಯ ಕೆಚ್ಚಲಿಗೆ ಬಂದ ಕೇಡು ಮನೆಯ ಒಲೆಗೇ ಬಂದ ಕೇಡು.

ಒಂದು ಮನೆಯಲ್ಲಿ ಹೀಗಾಯಿತೆಂದು ಎಣಿಸಿಕೊಳ್ಳಿರಿ. ಎಮ್ಮೆ ಈದು ಇಪ್ಪತ್ತು ದಿನ ಆಗಿದೆ. ಒಂದು ಮುಂಜಾನೆ ಹಿಂದಿನ ಬಲಗಡೆಯ ಮೊಲೆ ಬಾತಿದೆ, ಮುಟ್ಟಿದರೆ ಬಿಸಿ, ಹಾಲಿನಲ್ಲಿ ಮೊಸರಿನ ಚೂರುಗಳಂಥ ಗಂಟು. ಇದು ಕೆಚ್ಚಲು ಬಾವು. ಮರಾಠಿಯಲ್ಲಿ ಕಾಸದಾಹ ಎನ್ನುವರು. ನೆರೆಯವನ ಆಕಳಿಗೆ ಹೋದ ತಿಂಗಳು ಇದೇ ಬೇನೆ ಬಂದಿತ್ತು, ಎರಡು ಇಂಜೆಕ್ಷನ್ನಿಗೆ ಗುಣವಾಗಿತ್ತು. ಉಳಿದ ಬಾಟಲಿ ಅವನ ಮಾಡದಲ್ಲಿದೆ. ಅದನ್ನೇ ತಂದು ಎರಡು ದಿನ ಚುಚ್ಚಿಸಿದರು. ಬಾವು ತುಸು ಇಳಿಯಿತು, ಔಷಧಿ ನಿಲ್ಲಿಸಿದರು. ಹತ್ತು ದಿನದ ಮೇಲೆ ಬಾವು ಮತ್ತೆ ಎದ್ದಿತು. ಈ ಸಲ ಕೆಚ್ಚಲಿನ ಆ ಭಾಗ ಕಲ್ಲಿನಂತಾಯಿತು, ಹಾಲು ಬತ್ತಿತು. ನಾಲ್ಕು ಮೊಲೆಯ ಎಮ್ಮೆ ಮೂರು ಮೊಲೆಯದಾಯಿತು.

ಮನೆಯವನು ಕೇಳುವನು: "ಅದೇ ಔಷಧಿ ಅವನ ಆಕಳಿಗೆ ನಡೆಯಿತು, ನನ್ನ ಎಮ್ಮೆಗೆ ಏಕೆ ನಡೆಯಲಿಲ್ಲ?" ಈ ಪ್ರಶ್ನೆಗೆ ಉತ್ತರವೇ ಇಂದಿನ ಪಾಠ.

ಬಾವು ಒಂದೇ, ಬೀಜ ಹಲವು

ಹೊಲದಲ್ಲಿ ಬೆಳೆ ಹಳದಿ ಬಿದ್ದರೆ ಅದು ನೀರು ಹೆಚ್ಚಾಗಿಯೋ, ಗೊಬ್ಬರ ಕಡಿಮೆಯಾಗಿಯೋ, ಬೇರಿಗೆ ಹುಳ ಬಿದ್ದೋ ಆಗಿರಬಹುದು. ಹಳದಿ ಬಣ್ಣ ಒಂದೇ, ಕಾರಣ ಮೂರು. ಕೆಚ್ಚಲು ಬಾವೂ ಹಾಗೆಯೇ. ಕಣ್ಣಿಗೆ ಕಾಣುವ ಬಾವು ಒಂದೇ ತೆರನಾಗಿದ್ದರೂ ಅದನ್ನು ಉಂಟುಮಾಡುವ ರೋಗಾಣುಗಳು ಬೇರೆ ಬೇರೆ. ಅವುಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ಸ್ಟ್ರೆಪ್ಟೊಕಾಕಸ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಣಿಸರದಂತೆ ಒಂದಕ್ಕೊಂದು ಹತ್ತಿಕೊಂಡಿರುವ ದುಂಡು ಕಾಳುಗಳು. ಇವುಗಳಲ್ಲಿ ಅಗಲಾಕ್ಟಿಯೆ ಎಂಬ ಜಾತಿ ಕೆಚ್ಚಲಿನೊಳಗೇ ಮನೆ ಮಾಡಿಕೊಂಡು, ಹಿಂಡುವವನ ಕೈಯಿಂದ ಒಂದು ದನದಿಂದ ಇನ್ನೊಂದಕ್ಕೆ ದಾಟುವದು.

ಎರಡನೆಯದು ಸ್ಟ್ಯಾಫಿಲೊಕಾಕಸ್ ಆರಿಯಸ್. ಇದೂ ದುಂಡು, ಆದರೆ ದ್ರಾಕ್ಷಿ ಗೊನೆಯಂತೆ ಗುಂಪು ಕೂಡಿರುವದು. ಮೊಲೆಯ ಚರ್ಮದ ಮೇಲಿನ ಹುಣ್ಣು, ಬಿರುಕು, ಹಿಂಡುವವನ ಕೈಯ ಗಾಯ ಇವೆಲ್ಲ ಇದರ ಠಾವು.

ಮೂರನೆಯದು ಈ ಕೋಲೈ ಮತ್ತು ಅದರ ಬಳಗ. ಇವು ಸಣ್ಣ ಕಡ್ಡಿಯಾಕಾರದವು. ಸೆಗಣಿಯಲ್ಲಿ ಸದಾ ಇರುವವು. ಹಸಿ ಕೊಟ್ಟಿಗೆಯಲ್ಲಿ ದನ ಮಲಗಿದಾಗ ಮೊಲೆಯ ತುದಿಯಿಂದ ಒಳಗೆ ಹೋಗುವವು. ಇವು ತಂದ ಬಾವು ಒಮ್ಮೊಮ್ಮೆ ಒಂದೇ ದಿನದಲ್ಲಿ ದನವನ್ನು ನೆಲಕ್ಕೆ ಕೆಡವುವದು.

ಇವಲ್ಲದೆ ಕೆಲವು ಬಾವುಗಳು ಬೂಷ್ಟಿನ ಜಾತಿಯ ಜೀವಿಗಳಿಂದ ಬರುವದುಂಟು. ಅಂಥಲ್ಲಿ ಬ್ಯಾಕ್ಟೀರಿಯಾದ ಔಷಧಿ ಎಷ್ಟು ಚುಚ್ಚಿದರೂ ವ್ಯರ್ಥ.

ಗ್ರಾಮರ ಬಣ್ಣ

1884ರಲ್ಲಿ ಡೆನ್ಮಾರ್ಕ ದೇಶದ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ವೈದ್ಯರು ರೋಗಾಣುಗಳಿಗೆ ಬಣ್ಣ ಹಾಕುವ ಒಂದು ರೀತಿಯನ್ನು ಪ್ರಕಟಿಸಿದರು. ಗಾಜಿನ ಪಟ್ಟಿಯ ಮೇಲೆ ರೋಗಾಣುಗಳನ್ನು ಸವರಿ ನೇರಳೆ ಬಣ್ಣ ಹಾಕುವದು, ಮೇಲೆ ಅಯೋಡಿನ್ ಹಾಕುವದು, ಆಮೇಲೆ ಮದ್ಯಸಾರದಿಂದ ತೊಳೆಯುವದು. ಕೆಲವು ರೋಗಾಣುಗಳು ನೇರಳೆಯನ್ನು ಬಿಡುವದಿಲ್ಲ. ಕೆಲವು ಬಿಟ್ಟುಬಿಡುವವು, ಅವುಗಳಿಗೆ ಕೊನೆಗೆ ಕೆಂಪು ಬಣ್ಣ ಹಾಕಿದರೆ ಕೆಂಪಾಗಿ ಕಾಣುವವು. ಮೊದಲಿನವುಗಳಿಗೆ ಗ್ರಾಂ-ಧನ ಎಂದೂ, ಎರಡನೆಯವುಗಳಿಗೆ ಗ್ರಾಂ-ಋಣ ಎಂದೂ ಹೆಸರು. ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಎರಡೂ ಧನ ಪಂಗಡದವು. ಈ ಕೋಲೈ ಋಣ ಪಂಗಡದ್ದು.

ಇದು ಬರಿಯ ಬಣ್ಣದ ಆಟವಲ್ಲ. ಬಣ್ಣದ ಭೇದಕ್ಕೆ ಗೋಡೆಯ ಭೇದವೇ ಕಾರಣ. ಗ್ರಾಂ-ಧನ ರೋಗಾಣುವಿಗೆ ದಪ್ಪ ಗೋಡೆ ಇದೆ, ಆದರೆ ಅದರ ಹೊರಗೆ ಬೇಲಿ ಇಲ್ಲ. ಗ್ರಾಂ-ಋಣ ರೋಗಾಣುವಿನ ಗೋಡೆ ತೆಳುವಾದುದು, ಆದರೆ ಅದರ ಹೊರಗೆ ಜಿಡ್ಡಿನ ಅಂಶವುಳ್ಳ ಇನ್ನೊಂದು ಪೊರೆ ಬೇಲಿಯಂತೆ ನಿಂತಿದೆ. ಎಷ್ಟೋ ಔಷಧಿಗಳು ಆ ಬೇಲಿಯನ್ನು ದಾಟಲಾರವು.

ಔಷಧಿ ಎಲ್ಲಿ ಹೊಡೆಯುತ್ತದೆ

ಪ್ರತಿಜೀವಕ, ಅಂದರೆ ಆಂಟಿಬಯಾಟಿಕ್ ಔಷಧಿಗಳೆಲ್ಲ ಒಂದೇ ರೀತಿಯಿಂದ ಕೆಲಸ ಮಾಡುವದಿಲ್ಲ.

ಪೆನಿಸಿಲಿನ್ ರೋಗಾಣುವಿನ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುವದು. ಗೋಡೆ ಕಟ್ಟಲಾರದ ರೋಗಾಣು ಬೆಳೆಯುವಾಗ ಒಡೆದು ಸಾಯುವದು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಟೆಟ್ರಾಸೈಕ್ಲಿನ್ ಇವು ಗೋಡೆಯ ತಂಟೆಗೆ ಹೋಗದೆ ಒಳಗೆ ಸಾರಜನಕದ ಪದಾರ್ಥ, ಅಂದರೆ ಪ್ರೋಟೀನ್, ತಯಾರಾಗುವ ಯಂತ್ರವನ್ನು ಹಿಡಿಯುವವು. ಸಲ್ಫಾ ಔಷಧಿಗಳು ರೋಗಾಣು ತನಗೆ ಬೇಕಾದ ಫೋಲಿಕ್ ಆಮ್ಲವನ್ನು ಮಾಡಿಕೊಳ್ಳದಂತೆ ತಡೆಯುವವು. ಎನ್ರೊಫ್ಲಾಕ್ಸಸಿನ್ ಜಾತಿಯವು ರೋಗಾಣುವಿನ ವಂಶಸೂತ್ರ ಇಮ್ಮಡಿಯಾಗುವದನ್ನೇ ನಿಲ್ಲಿಸುವವು. ಕೊಲಿಸ್ಟಿನ್ ಎಂಬುದು ಗ್ರಾಂ-ಋಣ ರೋಗಾಣುಗಳ ಹೊರಬೇಲಿಯನ್ನು ಹರಿಯುವದು; ಗ್ರಾಂ-ಧನಗಳಿಗೆ ಆ ಬೇಲಿಯೇ ಇಲ್ಲವಾದ್ದರಿಂದ ಅವುಗಳ ಮೇಲೆ ಅದು ನಡೆಯದು.

ಕೀಲಿ ನೂರಿದ್ದರೂ ಪ್ರತಿಯೊಂದು ಬೀಗಕ್ಕೆ ಅದರದೇ ಕೀಲಿ ಬೇಕು. ನೆರೆಯವನ ಆಕಳಿಗೆ ಸರದ ರೋಗಾಣು ಇದ್ದು ಪೆನಿಸಿಲಿನ್ ನಡೆದಿರಬಹುದು. ನಿಮ್ಮ ಎಮ್ಮೆಗೆ ಸೆಗಣಿಯ ಕಡ್ಡಿ ರೋಗಾಣು ಹೊಕ್ಕಿದ್ದರೆ ಅದೇ ಬಾಟಲಿ ನೀರಿಗೆ ಸಮ.

ಫ್ಲೆಮಿಂಗರ ಕಾಲುವೆ

ಔಷಧಿಗಳನ್ನು ಹೀಗೆ ರೋಗಾಣುಗಳ ಮೇಲೆ ಹಚ್ಚಿ ಹೋಲಿಸುವ ಕೆಲಸ ಪೆನಿಸಿಲಿನ್ನಿನ ಜೊತೆಗೇ ಹುಟ್ಟಿತು. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಸ್ಟ್ಯಾಫಿಲೊಕಾಕಸ್ ಬೆಳೆಸಿದ ತಟ್ಟೆಯೊಂದರಲ್ಲಿ ಬೂಷ್ಟು ಬಿದ್ದು, ಅದರ ಸುತ್ತ ರೋಗಾಣು ಕರಗಿದ್ದನ್ನು ಕಂಡರು. ಆಮೇಲೆ ಅವರು ಮಾಡಿದ ಪರೀಕ್ಷೆ ನೀರು ಹಾಯಿಸುವ ರೈತನಿಗೆ ಸುಲಭವಾಗಿ ತಿಳಿಯುವಂಥದು. ಗಟ್ಟಿ ಆಹಾರ ತುಂಬಿದ ತಟ್ಟೆಯಲ್ಲಿ ಒಂದು ಕಾಲುವೆ ತೋಡಿದರು. ಅದರಲ್ಲಿ ಬೂಷ್ಟಿನ ರಸ ಬೆರೆತ ಅಗರನ್ನು ತುಂಬಿದರು. ಕಾಲುವೆಯ ದಂಡೆಯಿಂದ ಹೊರಕ್ಕೆ ಸಾಲು ಸಾಲಾಗಿ ಬೇರೆ ಬೇರೆ ರೋಗಾಣುಗಳನ್ನು ಬಿತ್ತಿದರು. ಮರುದಿನ ನೋಡಿದರೆ ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಸಾಲುಗಳು ಕಾಲುವೆಯಿಂದ ದೂರದಲ್ಲಿಯೇ ನಿಂತಿದ್ದವು. ಕೋಲೈ ಬಳಗದ ಸಾಲು ಕಾಲುವೆಯ ದಂಡೆಯ ತನಕ ಬೆಳೆದು ಬಂದಿತ್ತು. ಒಂದೇ ರಸ, ಒಂದೇ ತಟ್ಟೆ, ಒಂದೇ ರಾತ್ರಿ. ಫಲ ಮಾತ್ರ ಬೇರೆ. 1929ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಋಣ ಪಂಗಡದವುಗಳಿಗೆ ಔಷಧಿ ಹುಡುಕುವ ಕೆಲಸ ಮಣ್ಣಿನಲ್ಲಿ ನಡೆಯಿತು. ಅಮೇರಿಕೆಯ ರಟ್‌ಗರ್ಸ್ ವಿದ್ಯಾಪೀಠದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ತರುಣರು 1943ರಲ್ಲಿ ಮಣ್ಣಿನ ಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಪೆನಿಸಿಲಿನ್ನಿಗೆ ಬಗ್ಗದ ಗ್ರಾಂ-ಋಣ ರೋಗಾಣುಗಳ ಮೇಲೂ, ಕ್ಷಯದ ರೋಗಾಣುವಿನ ಮೇಲೂ ಅದು ನಡೆಯಿತು. ನಾವು ದಿನಾಲು ತುಳಿಯುವ ಹೊಲದ ಮಣ್ಣಿನಲ್ಲಿ ಇಂಥ ಜೀವಿಗಳು ಅಸಂಖ್ಯ ಇವೆ. ಮೊದಲ ಮಳೆಯ ಹಸಿ ಮಣ್ಣಿನ ವಾಸನೆಗೂ ಅವೇ ಬಹುಮಟ್ಟಿಗೆ ಕಾರಣ.

ನಮ್ಮ ಸೀಮೆಗೆ ದೂರವಲ್ಲದ ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಕಾರಖಾನೆ 1954ರಲ್ಲಿ ಸ್ಥಾಪನೆಯಾಗಿ, 1955ರಲ್ಲಿ ಪೆನಿಸಿಲಿನ್ ತಯಾರಿಸಹತ್ತಿತು. ಅಲ್ಲಿಯ ಸಂಶೋಧನ ವಿಭಾಗದಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿದ ಎಂ. ಜೆ. ತಿರುಮಲಾಚಾರ್ ಅವರು ಹ್ಯಾಮೈಸಿನ್, ಆರಿಯೋಫಂಜಿನ್ ಎಂಬ ಔಷಧಿಗಳ ಶೋಧಕ್ಕೆ ಕಾರಣರಾದರು. ಇವೆರಡೂ ನಡೆಯುವದು ಬೂಷ್ಟಿನ ಮೇಲೆ, ಬ್ಯಾಕ್ಟೀರಿಯಾದ ಮೇಲೆ ಅಲ್ಲ. ಬ್ಯಾಕ್ಟೀರಿಯಾದ ಔಷಧಿ ಬೂಷ್ಟಿಗೆ ನಡೆಯದು, ಬೂಷ್ಟಿನದು ಬ್ಯಾಕ್ಟೀರಿಯಾಕ್ಕೆ ನಡೆಯದು ಎಂಬುದಕ್ಕೆ ಇದೂ ಒಂದು ದಾಖಲೆ.

ಹಾಲು ಪ್ರಯೋಗಶಾಲೆಗೆ ಹೋದಾಗ

ಪಶುವೈದ್ಯರು ಕಳಿಸಿದ ಹಾಲಿನ ಮಾದರಿ ಪ್ರಯೋಗಶಾಲೆಗೆ ಮುಟ್ಟಿದ ಮೇಲೆ ಏನು ನಡೆಯುವದೆಂಬುದನ್ನು ಈಗ ನೋಡೋಣ.

ಮೊದಲ ದಿನ ಒಂದು ಹನಿ ಹಾಲನ್ನು ರಕ್ತ ಬೆರೆಸಿದ ಆಹಾರದ ತಟ್ಟೆಯ ಮೇಲೆ ತಂತಿಯ ಕುಣಿಕೆಯಿಂದ ಗೆರೆ ಎಳೆದು ಬಿತ್ತುವರು. 37 ಡಿಗ್ರಿ ಸೆಂಟಿಗ್ರೇಡಿನ ಬಿಸಿ ಪೆಟ್ಟಿಗೆಯಲ್ಲಿ ಇಡುವರು.

ಎರಡನೆಯ ದಿನ ತಟ್ಟೆಯ ಮೇಲೆ ಸಾಸಿವೆಯಂಥ ಚುಕ್ಕೆಗಳು ಎದ್ದಿರುವವು. ಒಂದೊಂದು ಚುಕ್ಕೆಯೂ ಒಂದು ರೋಗಾಣುವಿನ ಸಂತಾನ. ಅದರಿಂದ ತುಸು ತೆಗೆದು ಗ್ರಾಮರ ಬಣ್ಣ ಹಾಕಿ ಪಂಗಡ ಗುರುತಿಸುವರು. ಉಳಿದುದನ್ನು ಉಪ್ಪುನೀರಿನಲ್ಲಿ ಕದಡಿ, ಗೊತ್ತಾದ ಅಳತೆಯ ಬಗ್ಗಡಕ್ಕೆ ತರುವರು. ಎಕರೆಗೆ ಇಷ್ಟೇ ಬೀಜ ಎಂದು ನಾವು ಅಳೆಯುವದಿಲ್ಲವೇ, ಹಾಗೆ. ಬಿತ್ತನೆ ದಟ್ಟವಾದರೂ ಕೇಡು, ತೆಳುವಾದರೂ ಕೇಡು, ಫಲಿತಾಂಶ ತಪ್ಪುವದು. ಆ ಬಗ್ಗಡವನ್ನು ಮುಲ್ಲರ್-ಹಿಂಟನ್ ಎಂಬ ಆಹಾರದ ತಟ್ಟೆಯ ತುಂಬ ಸಮನಾಗಿ ಸವರುವರು. ಆಹಾರದ ದಪ್ಪ 4 ಮಿಲಿಮೀಟರ್ ಇರಬೇಕು. ಅದರ ಮೇಲೆ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ದೂರ ದೂರ ಇಡುವರು. ಒಂದರಲ್ಲಿ ಪೆನಿಸಿಲಿನ್, ಒಂದರಲ್ಲಿ ಜೆಂಟಾಮೈಸಿನ್, ಒಂದರಲ್ಲಿ ಟೆಟ್ರಾಸೈಕ್ಲಿನ್, ಹೀಗೆ. ಪ್ರತಿ ಬಿಲ್ಲೆಯಲ್ಲಿ ಔಷಧಿಯ ಪ್ರಮಾಣ ಗೊತ್ತುಮಾಡಿದ್ದು. ಮತ್ತೆ ರಾತ್ರಿಯೆಲ್ಲ ಬಿಸಿ ಪೆಟ್ಟಿಗೆ.

ಮೂರನೆಯ ದಿನ ತಟ್ಟೆ ತೆಗೆದರೆ ರೋಗಾಣು ಹೊಲದ ತುಂಬ ಬೆಳೆದಂತೆ ಬೆಳೆದಿರುವದು. ಆದರೆ ಕೆಲವು ಬಿಲ್ಲೆಗಳ ಸುತ್ತ ಬೋಳು ವರ್ತುಲ ಕಾಣುವದು. ಅಲ್ಲಿಯ ತನಕ ಔಷಧಿ ಹರಿದು ರೋಗಾಣುವನ್ನು ತಡೆದಿದೆ. ಕೆಲವು ಬಿಲ್ಲೆಗಳ ಅಂಚಿನ ತನಕ ರೋಗಾಣು ಬೆಳೆದು ಬಂದಿರುವದು. ಆ ಔಷಧಿಗೆ ಅದು ಅಂಜಿಲ್ಲ. ವರ್ತುಲದ ಅಡ್ಡಗಲವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳುವರು. ಈ ಅಳತೆಗೆ ಎಲ್ಲೆಡೆ ಒಂದೇ ಕಟ್ಟಳೆ ಇರಬೇಕೆಂದು ಬಾವರ್, ಕರ್ಬಿ, ಶೆರಿಸ್, ಟರ್ಕ್ ಎಂಬ ನಾಲ್ವರು ಅಮೇರಿಕೆಯಲ್ಲಿ 1966ರಲ್ಲಿ ಪ್ರಕಟಿಸಿದ ಪದ್ಧತಿಯೇ ಈ ಬಿಲ್ಲೆ ಪರೀಕ್ಷೆಗೆ ಇಂದಿಗೂ ತಳಹದಿ.

ದೊಡ್ಡ ವರ್ತುಲ ಎಂದರೆ ಒಳ್ಳೆಯ ಔಷಧಿಯೇ?

ಇಲ್ಲಿ ಬಹಳ ಜನ ಎಡವುವರು. ತಟ್ಟೆಯನ್ನು ನೋಡಿದವನಿಗೆ ಯಾವ ಬಿಲ್ಲೆಯ ಬೋಳು ವರ್ತುಲ ದೊಡ್ಡದೋ ಆ ಔಷಧಿಯೇ ಹೆಚ್ಚು ಬಲವಾದದ್ದೆಂದು ಅನಿಸುವದು. ಅದು ತಪ್ಪು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸ್ಟ್ಯಾಫಿಲೊಕಾಕಸ್ ಬಿತ್ತಿದ ತಟ್ಟೆಯಲ್ಲಿ ಪೆನಿಸಿಲಿನ್ ಬಿಲ್ಲೆಯ ವರ್ತುಲ 24 ಮಿಲಿಮೀಟರ್, ಜೆಂಟಾಮೈಸಿನ್ ಬಿಲ್ಲೆಯದು 17 ಮಿಲಿಮೀಟರ್ ಬಂದಿದೆ ಎನ್ನಿರಿ. ಯಾವದನ್ನು ಕೊಡಬೇಕು? ಕಣ್ಣು ಪೆನಿಸಿಲಿನ್ ಎನ್ನುವದು. ಆದರೆ ಬಹುಕಾಲದಿಂದ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ ಈ ರೋಗಾಣುವಿಗೆ 10 ಯೂನಿಟ್ಟಿನ ಪೆನಿಸಿಲಿನ್ ಬಿಲ್ಲೆಯ ವರ್ತುಲ 29 ಮಿಲಿಮೀಟರ್ ಅಥವಾ ಹೆಚ್ಚಾದರೆ ಮಾತ್ರ ಔಷಧಿ ನಡೆಯುವದು. 28 ಅಥವಾ ಕಡಿಮೆಯಾದರೆ ನಡೆಯದು. 10 ಮೈಕ್ರೊಗ್ರಾಮಿನ ಜೆಂಟಾಮೈಸಿನ್ನಿಗೆ 15 ಅಥವಾ ಹೆಚ್ಚಾದರೆ ಸಾಕು, 12 ಅಥವಾ ಕಡಿಮೆಯಾದರೆ ನಡೆಯದು, 13-14 ನಡುವಿನದು. ಆದ್ದರಿಂದ 24ರ ಪೆನಿಸಿಲಿನ್ ಸೋತಿತು, 17ರ ಜೆಂಟಾಮೈಸಿನ್ ಗೆದ್ದಿತು.

ಇದೇಕೆ ಹೀಗೆ? ಒಂದೊಂದು ಔಷಧಿಯೂ ಆಹಾರದ ತಟ್ಟೆಯಲ್ಲಿ ಒಂದೊಂದು ವೇಗದಿಂದ ಹರಿಯುವದು. ಮರಳು ಮಿಶ್ರಿತ ಮಸಾರಿ ಭೂಮಿಯಲ್ಲಿ ನೀರು ಬೇಗ ಇಳಿಯುವದು, ಎರಿ ಭೂಮಿಯಲ್ಲಿ ನಿಧಾನ. ನೀರು ದೂರ ಹರಿಯಿತೆಂದ ಮಾತ್ರಕ್ಕೆ ಬೆಳೆಗೆ ಹೆಚ್ಚು ಹಿತವಾಯಿತೆಂದಲ್ಲ. ಔಷಧಿಯು ದನದ ಮೈಯಲ್ಲಿ ಎಷ್ಟು ಪ್ರಮಾಣದಲ್ಲಿ ನಿಲ್ಲಬಲ್ಲದೆಂಬುದನ್ನೂ ಲೆಕ್ಕ ಹಿಡಿದೇ ಪಟ್ಟಿ ತಯಾರಾಗಿರುವದು. ಆದ್ದರಿಂದ ಒಂದು ಔಷಧಿಯ ವರ್ತುಲವನ್ನು ಇನ್ನೊಂದರ ವರ್ತುಲಕ್ಕೆ ಹೋಲಿಸಬಾರದು. ಅದರದೇ ಪಟ್ಟಿಗೆ ಹೋಲಿಸಬೇಕು. ಬೇರೆ ರೋಗಾಣುವಿಗೆ ಪಟ್ಟಿಯೂ ಬೇರೆ.

ಇನ್ನೂ ಸೂಕ್ಷ್ಮವಾಗಿ ಅಳೆಯಬೇಕಾದಲ್ಲಿ ಕೊಳವೆಯ ಪರೀಕ್ಷೆ ಮಾಡುವರು. ಸಾಲಾಗಿ ಇಟ್ಟ ಕೊಳವೆಗಳಲ್ಲಿ ಒಂದು ಮಿಲಿಲೀಟರಿಗೆ 0.25, 0.5, 1, 2, 4, 8 ಮೈಕ್ರೊಗ್ರಾಂ ಹೀಗೆ ಇಮ್ಮಡಿ ಇಮ್ಮಡಿಯಾಗಿ ಔಷಧಿ ಹಾಕಿ, ಎಲ್ಲದರಲ್ಲಿಯೂ ಒಂದೇ ಅಳತೆಯ ರೋಗಾಣು ಬಿಡುವರು. ಮರುದಿನ 1ರ ತನಕ ಬಗ್ಗಡವಾಗಿದ್ದು 2ರ ಕೊಳವೆಯಿಂದ ಮುಂದೆ ತಿಳಿಯಾಗಿದ್ದರೆ, ಆ ರೋಗಾಣುವನ್ನು ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ 2 ಎಂದು ತಿಳಿಯುವದು.

ರೋಗಾಣು ಗಟ್ಟಿಯಾಗುವ ಬಗೆ

ಪೆನಿಸಿಲಿನ್ ಹೊಸದಾಗಿ ಬಂದಾಗ ಸ್ಟ್ಯಾಫಿಲೊಕಾಕಸ್ ಬಹುತೇಕ ಎಲ್ಲವೂ ಅದಕ್ಕೆ ಸಾಯುತ್ತಿದ್ದವು. ಈಗ ಹಾಗಿಲ್ಲ. ಅನೇಕ ತಳಿಗಳು ಪೆನಿಸಿಲಿನ್ನನ್ನೇ ಒಡೆದು ಹಾಕುವ ಒಂದು ಪದಾರ್ಥವನ್ನು ತಯಾರಿಸುವವು. ಇಂಥ ಪದಾರ್ಥವನ್ನು ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೇನ್ 1940ರಲ್ಲಿಯೇ, ಅಂದರೆ ಪೆನಿಸಿಲಿನ್ ಜನರ ಬಳಕೆಗೆ ಬರುವ ಮೊದಲೇ, ಕೋಲೈ ರೋಗಾಣುವಿನಲ್ಲಿ ಕಂಡು ತಿಳಿಸಿದ್ದರು. ಫ್ಲೆಮಿಂಗರು ಸಹ 1945ರ ಡಿಸೆಂಬರದಲ್ಲಿ ನೋಬೆಲ್ ಭಾಷಣ ಮಾಡುವಾಗ, ಕಡಿಮೆ ಪ್ರಮಾಣದಲ್ಲಿ ಔಷಧಿ ಕೊಟ್ಟರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುವವೆಂದು ಎಚ್ಚರಿಸಿದ್ದರು.

ಇದರ ಲೆಕ್ಕ ಕಠಿಣವಲ್ಲ. ಅನುಕೂಲವಾದ ಠಾವಿನಲ್ಲಿ ಈ ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವದು. 7 ತಾಸಿನಲ್ಲಿ 21 ಸಲ. ಒಂದು ಇದ್ದದ್ದು 20 ಲಕ್ಷಕ್ಕೂ ಮಿಕ್ಕುವದು. ಇಷ್ಟು ದೊಡ್ಡ ಸಂತಾನದಲ್ಲಿ ಔಷಧಿಗೆ ತಾಳಿಕೊಳ್ಳುವ ಒಂದೆರಡು ಹುಟ್ಟುವದು ಅಸಂಭವವಲ್ಲ. ಅರೆಕೊರೆ ಔಷಧಿ ಹಾಕಿದಾಗ ಮೆತ್ತನ್ನವು ಸಾಯುವವು, ಗಟ್ಟಿ ಇದ್ದವು ಉಳಿಯುವವು. ಠಾವು ಖಾಲಿಯಾದುದರಿಂದ ಅವೇ ಬೆಳೆದು ತುಂಬುವವು. ಕರಿಕೆಯನ್ನು ಮೇಲೆ ಮೇಲೆ ಕೆತ್ತಿ ಬೇರು ಬಿಟ್ಟವನ ಹೊಲ ಏನಾಗುವದೆಂಬುದು ನಿಮಗೆ ಗೊತ್ತೇ ಇದೆ. ಇಷ್ಟೇ ಅಲ್ಲ, ತಾಳಿಕೊಳ್ಳುವ ಈ ಗುಣವನ್ನು ಒಂದು ರೋಗಾಣು ಬೇರೆ ಜಾತಿಯ ರೋಗಾಣುವಿಗೂ ದಾಟಿಸಬಲ್ಲದು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಗಟ್ಟಿತನ ಮನೆಯ ಕೂಸಿನ ಬೇನೆಯಲ್ಲಿ ಎದುರಾಗಬಹುದು. ಈ ಅಂಜಿಕೆಯಿಂದಲೇ, ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿರುವ ಕೊಲಿಸ್ಟಿನ್ ಔಷಧಿಯನ್ನು ಆಹಾರ ಕೊಡುವ ದನ-ಕೋಳಿಗಳಿಗೆ ಬಳಸುವದನ್ನು ಭಾರತ ಸರಕಾರ 2019ರಲ್ಲಿ ನಿಷೇಧಿಸಿತು.

ಮಾದರಿ ತೆಗೆಯುವ ಕ್ರಮ

ಪ್ರಯೋಗಶಾಲೆ ಎಷ್ಟೇ ಒಳ್ಳೆಯದಿದ್ದರೂ ನೀವು ಕೊಟ್ಟ ಹಾಲು ಹೊಲಸಾಗಿದ್ದರೆ ಬರುವ ಉತ್ತರ ಸೆಗಣಿಯ ರೋಗಾಣುವಿನದಾಗುವದು, ಬಾವಿನದಲ್ಲ. ಆದ್ದರಿಂದ ಈ ಕ್ರಮ ಪಾಲಿಸಿರಿ.

1. ಔಷಧಿ ಹಾಕುವ ಮೊದಲೇ ಮಾದರಿ ತೆಗೆಯಬೇಕು. ಔಷಧಿ ಬಿದ್ದ ಮೇಲಿನ ಹಾಲಿನಲ್ಲಿ ರೋಗಾಣು ತಟ್ಟೆಯ ಮೇಲೆ ಏಳದೆ ಹೋಗಬಹುದು.

2. ಬಾಟಲಿಯನ್ನು ದವಾಖಾನೆಯಿಂದಲೇ ತರುವದು ಉತ್ತಮ. ಅದು ಕ್ರಿಮಿಶುದ್ಧವಾಗಿರುವದು.

3. ಕೈಯನ್ನು ಸಾಬೂನಿನಿಂದ ತೊಳೆದು ಒರೆಸಿಕೊಳ್ಳಿರಿ. ಮೊಲೆ ಹೊಲಸಾಗಿದ್ದರೆ ತೊಳೆದು ಪೂರ್ಣ ಒಣಗಿಸಿರಿ. ತೊಟ್ಟಿಕ್ಕುವ ನೀರು ಬಾಟಲಿಯಲ್ಲಿ ಬೀಳಬಾರದು.

4. ಮೊಲೆಯ ತುದಿಯನ್ನು 70 ಪ್ರತಿಶತ ಮದ್ಯಸಾರದಲ್ಲಿ ತೊಯಿಸಿದ ಹತ್ತಿಯಿಂದ ಒರೆಸಿರಿ. ಹತ್ತಿ ಹೊಲಸಾಗದೆ ಬರುವ ತನಕ ಹೊಸ ಹೊಸ ಹತ್ತಿ ತೆಗೆದುಕೊಳ್ಳಿರಿ.

5. ಮೊದಲ ಮೂರು-ನಾಲ್ಕು ಧಾರೆಗಳನ್ನು ಬೇರೆ ಪಾತ್ರೆಯಲ್ಲಿ ಹಿಂಡಿ ಬಿಡಿರಿ. ಆಮೇಲೆ ಬಾಟಲಿಯನ್ನು ಓರೆಯಾಗಿ ಹಿಡಿದು, ಅದರ ಬಾಯಿ ಮೊಲೆಗೆ ತಗಲದಂತೆ 5ರಿಂದ 10 ಮಿಲಿಲೀಟರ್ ಹಾಲು ತೆಗೆಯಿರಿ. ಕೂಡಲೆ ಮುಚ್ಚಿರಿ. ಮುಚ್ಚಳದ ಒಳಬದಿ ಮುಟ್ಟಬೇಡಿರಿ.

6. ಬಾವು ಬಂದ ಮೊಲೆಯ ಹಾಲನ್ನು ಮಾತ್ರ ಕೊಡಿರಿ. ನಾಲ್ಕೂ ಮೊಲೆಯ ಹಾಲು ಬೆರೆಸಬೇಡಿರಿ.

7. ದನದ ಗುರುತು, ಯಾವ ಮೊಲೆ, ತಾರೀಖು, ಹಿಂದೆ ಕೊಟ್ಟ ಔಷಧಿ ಇವನ್ನು ಚೀಟಿಯಲ್ಲಿ ಬರೆದು ಹಚ್ಚಿರಿ. ಬಾಟಲಿಯನ್ನು ಬರ್ಫದಲ್ಲಿ ಇಟ್ಟು ಅದೇ ದಿನ ದವಾಖಾನೆಗೆ ಮುಟ್ಟಿಸಿರಿ.

ನಿಮ್ಮ ತಾಲೂಕಿನ ಪಶುವೈದ್ಯರು ಮಾದರಿಯನ್ನು ಮುಂದೆ ಕಳಿಸುವರು. ಮಹಾರಾಷ್ಟ್ರದ ಕಡೆಗೆ ಪುಣೆಯ ಔಂಧದಲ್ಲಿ ರೋಗ ಶೋಧನ ವಿಭಾಗವಿದೆ. ಕರ್ನಾಟಕದ ಕಡೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ. ಹತ್ತಿರದಲ್ಲಿ ಎಲ್ಲಿ ಈ ಪರೀಕ್ಷೆ ಆಗುವದೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ.

ಉತ್ತರ ಬರುವ ತನಕ

"ಮೂರು ದಿನ ಕಾಯುತ್ತ ಕುಳಿತರೆ ಎಮ್ಮೆ ಉಳಿಯುವದೇ?" ಎಂದು ನೀವು ಕೇಳುವಿರಿ. ಪ್ರಶ್ನೆ ಸರಿಯಾಗಿದೆ. ಜ್ವರ ಬಂದು, ಮೇವು ಬಿಟ್ಟು, ದನ ಕುಸಿದಿದ್ದರೆ ಕಾಯಬಾರದು. ವೈದ್ಯರು ಮೊದಲು ಮಾದರಿ ತೆಗೆದು, ಕೂಡಲೆ ತಮ್ಮ ಅನುಭವದ ಪ್ರಕಾರ ಔಷಧಿ ಆರಂಭಿಸುವರು. ಉತ್ತರ ಬಂದ ಮೇಲೆ ಬೇಕಾದರೆ ಬದಲಿಸುವರು. ಎರಡು ನಿಮಿಷದ ಮಾದರಿ ಬಿಟ್ಟುಹೋದರೆ ಮಾತ್ರ ಆ ಅವಕಾಶ ತಿರುಗಿ ಬಾರದು.

ಬಾವು ಬಂದ ದನವನ್ನು ಎಲ್ಲಕ್ಕೂ ಕೊನೆಗೆ ಹಿಂಡಿರಿ. ಕೆಟ್ಟ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಚೆಲ್ಲಬೇಡಿರಿ. ಅದು ರೋಗದ ಬಿತ್ತನೆಯಾಗುವದು. ವೈದ್ಯರು ಹೇಳಿದಂತೆ ಮೇಲಿಂದ ಮೇಲೆ ಹಿಂಡಿ ಕೆಚ್ಚಲು ಬರಿದು ಮಾಡಿರಿ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ತಟ್ಟೆಯ ಮೇಲೆ ಗೆದ್ದ ಔಷಧಿ ಕೆಚ್ಚಲಿನಲ್ಲಿ ಸೋಲುವದುಂಟು. ಸ್ಟ್ಯಾಫಿಲೊಕಾಕಸ್ ಕೆಚ್ಚಲಿನ ಮಾಂಸದೊಳಗೆ ಕೀವಿನ ಗೂಡು ಕಟ್ಟಿ ಅಡಗುವದು. ಅಲ್ಲಿಗೆ ಔಷಧಿ ಸಾಕಷ್ಟು ಮುಟ್ಟುವದಿಲ್ಲ. ಆದರೆ ತಟ್ಟೆಯ ಮೇಲೆ ಸೋತ ಔಷಧಿ ಕೆಚ್ಚಲಿನಲ್ಲಿ ಗೆಲ್ಲುವ ಆಸೆ ಬಹಳ ಕಡಿಮೆ. ಪರೀಕ್ಷೆಯ ಮುಖ್ಯ ಪ್ರಯೋಜನ ಇದೇ: ವ್ಯರ್ಥ ಔಷಧಿಗೆ ಹೋಗುವ ರೊಕ್ಕ ಮತ್ತು ಹೊತ್ತು ಉಳಿಯುವವು.

ಹೆಪ್ಪು ಹೇಳುವ ಸಾಕ್ಷಿ

ನಿಮ್ಮ ಅಡಿಗೆಮನೆಯಲ್ಲಿಯೇ ಒಂದು ಪ್ರಯೋಗಶಾಲೆ ಇದೆ. ಮೊಸರು ಮಾಡುವವೂ ಬ್ಯಾಕ್ಟೀರಿಯಾಗಳೇ, ಅವೂ ಗ್ರಾಂ-ಧನ ಪಂಗಡದವೇ. ಪೆನಿಸಿಲಿನ್ ಕೊಟ್ಟ ಎಮ್ಮೆಯ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡದೆ ಹೋಗುವದು ಇದರಿಂದಲೇ. ರೋಗಾಣುವಿನ ಸಲುವಾಗಿ ಕೊಟ್ಟ ಔಷಧಿ ಹಾಲಿಗೆ ಇಳಿದು ಹೆಪ್ಪಿನ ಜೀವಿಯನ್ನು ಕೊಂದಿದೆ. ಆದರೆ ಮೊಸರು ಕೂಡಿತೆಂದ ಮಾತ್ರಕ್ಕೆ ಹಾಲು ಶುದ್ಧವೆಂದು ತಿಳಿಯಬಾರದು. ಹೆಪ್ಪಿಗೆ ತಾಗದಷ್ಟು ಔಷಧಿ ಉಳಿದಿರಬಹುದು. ಕಾಸಿದರೆ ಹೋಗುವದೆಂಬ ಮಾತೂ ಸುಳ್ಳು. ಎಷ್ಟೋ ಪ್ರತಿಜೀವಕಗಳು ಕುದಿಸಿದರೂ ಪೂರ್ಣ ನಾಶವಾಗುವದಿಲ್ಲ.

ಆದ್ದರಿಂದ ಔಷಧಿ ನಡೆದಿರುವಷ್ಟು ದಿನ, ಮತ್ತು ನಿಂತ ಮೇಲೆ ಔಷಧಿಯ ಚೀಟಿಯಲ್ಲಿ ಬರೆದಷ್ಟು ದಿನ, ಆ ಹಾಲನ್ನು ಸಂಘಕ್ಕೆ ಹಾಕಬಾರದು, ಮನೆಯಲ್ಲಿಯೂ ಕುಡಿಯಬಾರದು. ಒಂದೇ ಮೊಲೆಗೆ ಔಷಧಿ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲಿಗೆ ಈ ಮಾತು ಸಲ್ಲುವದು. ಒಂದು ಮನೆಯ ಒಂದು ಗಿಂಡಿ ಹಾಲಿನಿಂದ ಊರವರೆಲ್ಲರ ಕ್ಯಾನು ಕೆಡುವದು. ಕೆಲವು ದಿನದ ಹಾಲು ಬಿಡುವದು ಬಡವನಿಗೆ ಸಣ್ಣ ಮಾತಲ್ಲ. ಅದಕ್ಕಾಗಿಯೇ ಮೊದಲ ಸಲವೇ ಸರಿಯಾದ ಔಷಧಿ ಬೀಳುವದು ಅವಶ್ಯ. ತಪ್ಪು ಔಷಧಿಗೆ ಒಮ್ಮೆ, ಸರಿ ಔಷಧಿಗೆ ಮತ್ತೊಮ್ಮೆ ಹಾಲು ಬಿಡುವದಕ್ಕಿಂತ ಒಂದೇ ಸಲ ಬಿಡುವದು ಲೇಸು.

ಬಾರದಂತೆ ನೋಡಿಕೊಳ್ಳುವದು

ಕೊಟ್ಟಿಗೆಯ ನೆಲ ಒಣಗಿರಲಿ. ಹಿಂಡುವ ಮೊದಲು ಕೈ, ಮೊಲೆ ಎರಡೂ ಶುದ್ಧವಾಗಿರಲಿ. ಹೆಬ್ಬೆರಳು ಮಡಿಸಿ ಹಿಂಡುವ ರೂಢಿ ಬಿಡಿರಿ. ಅದರಿಂದ ಮೊಲೆಯ ಒಳಗೆ ಗಾಯವಾಗಿ ರೋಗಾಣುವಿಗೆ ದಾರಿಯಾಗುವದು. ಪೂರ್ಣ ಮುಷ್ಟಿಯಿಂದ ಹಿಂಡಿರಿ. ಹಿಂಡಿದ ಮೇಲೆ ಮೊಲೆಯ ತೂತು ಕೆಲ ಹೊತ್ತು ತೆರೆದಿರುವದು. ಆಗ ದನ ಮಲಗದಂತೆ ಮುಂದೆ ಮೇವು ಹಾಕಿ ಅರ್ಧ ತಾಸು ನಿಲ್ಲಿಸಿರಿ. ಮೊದಲ ಧಾರೆಯನ್ನು ಕರಿ ಬಟ್ಟೆ ಕಟ್ಟಿದ ಬಟ್ಟಲಿನಲ್ಲಿ ಹಿಂಡಿ ನೋಡುವ ರೂಢಿ ಇಟ್ಟರೆ ಗಂಟುಗಳು ಮೊದಲ ದಿನವೇ ಕಣ್ಣಿಗೆ ಬೀಳುವವು.

ಇನ್ನು ಆ ಮಾಡದಲ್ಲಿಯ ಬಾಟಲಿಯ ಮಾತು. ಅದು ನೆರೆಯವನ ಆಕಳಿನ ರೋಗಾಣುವಿಗೆ ಕೊಟ್ಟ ಔಷಧಿ, ನಿಮ್ಮ ಎಮ್ಮೆಯದಕ್ಕೆ ಅಲ್ಲ. ಬೀಜ ನೋಡದೆ ಬಿತ್ತುವ ಒಕ್ಕಲಿಗನಿಲ್ಲ. ರೋಗಾಣು ನೋಡದೆ ಔಷಧಿ ಹಾಕುವ ರೂಢಿಯನ್ನೂ ಬಿಡೋಣ. ಮುಂದಿನ ಸಲ ಎಮ್ಮೆಯ ಕೆಚ್ಚಲು ಬಿಸಿಯಾದ ಕೂಡಲೆ ನೆರೆಮನೆಯ ಮಾಡಕ್ಕೆ ಕೈ ಹಾಕದೆ, ದವಾಖಾನೆಯ ಶುದ್ಧ ಬಾಟಲಿಗೆ ಕೈ ಚಾಚಿರಿ. ನಾಲ್ಕು ಮೊಲೆಯ ಎಮ್ಮೆ ನಾಲ್ಕು ಮೊಲೆಯದಾಗಿಯೇ ಉಳಿದೀತು.